ಒಬ್ಬಟ್ಟಿನ ಮೇಲೆ ಹೊರಿಸಿದ ತಪ್ಪು

ನನ್ನನ್ನು ವಾಸಿ ಮಾಡಿದ್ದು ಪಥ್ಯವಲ್ಲ. ಹಸಿರು ಪುಡಿಯಲ್ಲ, ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಯುತ್ತಿದ್ದ ಕೊಬ್ಬರಿ ಎಣ್ಣೆಯಲ್ಲ, ಫ್ರಿಜ್ಜಿನಲ್ಲಿಟ್ಟು ನುಂಗುತ್ತಿದ್ದ ಆ ದುಬಾರಿ ಕ್ಯಾಪ್ಸೂಲೂ ಅಲ್ಲ. ಪಾಂಡವಪುರದ ಒಬ್ಬ ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆ. ಅದನ್ನು ಮುಚ್ಚಿಟ್ಟು, ತುಂಬಿದ ಛತ್ರದಲ್ಲಿ ಮೈಕು ಹಿಡಿದು, 'ಒಂದೇ ಒಂದು ಮಾತ್ರೆ ಮುಟ್ಟದೆ ಗುಣವಾದೆ' ಎಂದು ಹೇಳಿದವಳು ನಾನು — ಕೆ.ಆರ್. ಪೇಟೆಯ ಸವಿತಾ. ಆ ಮಾತನ್ನು ನಂಬಿದ ನನ್ನ ರತ್ನಕ್ಕ ಎಡಗಾಲಿನ ಎರಡು ಬೆರಳು ಕಳೆದುಕೊಂಡಳು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದು ಮೈಕಿನಲ್ಲಿ ಆಡಿದ್ದಲ್ಲ. ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ್ದು. ಅದಕ್ಕೂ ಬರುತ್ತೇನೆ.

ಇದನ್ನು ಬರೆಯಬೇಡ ಎಂದವರು ಬಹಳ ಮಂದಿ. ಹೆಂಗಸರ ಗುಟ್ಟಿನ ರೋಗ, ನಾಲ್ಕು ಜನ ಓದುವಂಥದ್ದಲ್ಲ, ಗಂಡನ ಅಂಗಡಿ ಇದೆ, ಮಗಳಿಗೆ ಗಂಡು ನೋಡಬೇಕು — ಎಲ್ಲ ಹೇಳಿದರು. ನಾನು ಬರೆಯುತ್ತೇನೆ. ತೊಡೆಸಂದಿಯ ನವೆ, ಬಿಳಿ ಹೋಗುವುದು, ಒಂದಕ್ಕೆ ಕೂತರೆ ಉರಿ — ಈ ಮಾತುಗಳನ್ನು ನಾವು ಬಾಯಿಬಿಟ್ಟು ಆಡದೇ ಇದ್ದದ್ದರಿಂದಲೇ ನನ್ನ ಸುಳ್ಳು ಅಷ್ಟು ದಿನ ಬದುಕಿತು. ಓದಲು ಮುಜುಗರವಾದರೆ ಪುಟ ತಿರುವಿ. ನಾನಂತೂ ನಿಲ್ಲಿಸುವುದಿಲ್ಲ.

ಐದು ವರ್ಷದ ಹಿಂದೆ ನನಗೆ ಹಲ್ಲಿನ ಬೇರು ಕೀವಾಗಿ ಎರಡು ಸಲ ಆಂಟಿಬಯಾಟಿಕ್ ತಿಂದೆ. ಅದರ ಹಿಂದೆಯೇ ಈ ಕಾಟ ಶುರುವಾಯಿತು. ಎಲ್ಲರ ಮೈಯಲ್ಲೂ ಒಂದಿಷ್ಟು ಇರುವ ಯೀಸ್ಟ್ ಎಂಬ ಬೂಷ್ಟು ಮಿತಿಮೀರಿ ಬೆಳೆದರೆ ಹೀಗಾಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ನಮ್ಮ ಪೇಟೆಯಲ್ಲೇ ಒಬ್ಬ ಡಾಕ್ಟರ ಬಳಿ ಹೋದೆ. ಅವರು ತಲೆ ಎತ್ತದೆ, 'ಚೆನ್ನಾಗಿ ತೊಳ್ಕೊಳ್ಳಮ್ಮ' ಎಂದು ಒಂದು ಮುಲಾಮು ಬರೆದರು. ಹಿಂದಿನ ಬೆಂಚಿನಲ್ಲಿ ಕೂತಿದ್ದವರಿಗೆ ಕೇಳಿಸಿತು. ಮೈಯೆಲ್ಲ ಹಿಡಿಯಾದಂತೆ ಈಚೆ ಬಂದೆ. ಮುಲಾಮು ಮುಗಿಯಿತು, ನವೆ ಮುಗಿಯಲಿಲ್ಲ.

ಆಗ ಸಿಕ್ಕಿದ್ದು ಮೇಡಮ್ಮು. ಮೈಸೂರಿನವರು. ಪುಡಿ, ಕ್ಯಾಪ್ಸೂಲು ಮಾರುವ ಒಂದು ಜಾಲದಲ್ಲಿದ್ದರು, ತಿಂಗಳಿಗೊಮ್ಮೆ ಪಾಂಡವಪುರದ ಛತ್ರದಲ್ಲಿ ಹೆಂಗಸರ ಸಭೆ ನಡೆಸುತ್ತಿದ್ದರು. ಕೈ ಹಿಡಿದುಕೊಂಡು ನನ್ನ ಮಾತು ಪೂರ್ತಿ ಕೇಳಿದರು — ಅರ್ಧ ಗಂಟೆ. ಮದುವೆಯಾದ ಮೇಲೆ ಯಾರಾದರೂ ನನ್ನ ಮಾತನ್ನು ಅರ್ಧ ಗಂಟೆ ಕೇಳಿದ್ದು ನನಗೆ ನೆನಪಿಲ್ಲ. 'ನಿಮ್ಮ ತಪ್ಪಲ್ಲ, ಒಳಗಿನ ಬೂಷ್ಟಿಗೆ ನೀವು ದಿನಾ ಊಟ ಹಾಕ್ತಿದ್ದೀರ ಅಷ್ಟೆ' ಎಂದರು. ಸಕ್ಕರೆ ಬಿಡಿ, ಬೆಲ್ಲ ಬಿಡಿ, ಬಾಳೆಹಣ್ಣು ಬಿಡಿ, ಅನ್ನ ಬಿಡಿ, ಹುಳಿ ಬಂದ ಹಿಟ್ಟಿನ ಇಡ್ಲಿ ದೋಸೆ ಬಿಡಿ. ಬೆಳಗ್ಗೆ ಕೊಬ್ಬರಿ ಎಣ್ಣೆ, ಮಧ್ಯಾಹ್ನ ಪುಡಿ, ಸಂಜೆ ಕ್ಯಾಪ್ಸೂಲು.

ಎರಡು ತಿಂಗಳು ಕಟ್ಟುನಿಟ್ಟಾಗಿ ಮಾಡಿದೆ. ಸೀರೆ ಸೊಂಟದಲ್ಲಿ ನಿಲ್ಲದಂತಾಯಿತು. ನವೆ ಹಾಗೇ ಇತ್ತು. ಕೊನೆಗೆ ಒಂದು ಬುಧವಾರ, ತವರಿಗೆ ಹೋಗುತ್ತೇನೆಂದು ಗಂಡನಿಗೆ ಹೇಳಿ, ಪಾಂಡವಪುರದಲ್ಲಿ ಸಭೆಯವರು ಯಾರೂ ಹೋಗದ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿದ್ದ ಡಾಕ್ಟರಮ್ಮ ಪರದೆ ಎಳೆದು ನೋಡಿದರು, ಸಕ್ಕರೆ ಟೆಸ್ಟ್ ಮಾಡಿಸಿದರು. ಸಕ್ಕರೆ ಇರಲಿಲ್ಲ. 'ಇದು ಮತ್ತೆ ಮತ್ತೆ ಬರೋ ಜಾತಿ. ಮೊದಲು ಮೂರು ಮಾತ್ರೆ, ಆಮೇಲೆ ವಾರಕ್ಕೊಂದರ ಹಾಗೆ ಆರು ತಿಂಗಳು' ಎಂದರು. ಒಂದು ವಾರ — ಬರೀ ಒಂದು ವಾರದಲ್ಲಿ ನಾನು ಮನುಷ್ಯಳಾದೆ. ಮಾತ್ರೆಯ ಹಾಳೆಯನ್ನೂ ಡಾಕ್ಟರಮ್ಮನ ಚೀಟಿಯನ್ನೂ ಹೊಲಿಗೆ ಡಬ್ಬಿಯಲ್ಲಿ, ಗುಂಡಿಗಳ ಅಡಿಯಲ್ಲಿ ಇಟ್ಟೆ.

ಮುಂದಿನ ಸಭೆಯಲ್ಲಿ ಮೇಡಮ್ಮು ನನ್ನ ಮುಖ ನೋಡಿ, 'ಕಳೆ ಬಂದಿದೆ ನೋಡಿ ಸವಿತಾಗೆ! ಬನ್ನಿ, ಎಲ್ರಿಗೂ ಹೇಳಿ' ಎಂದು ಮೈಕು ಕೊಟ್ಟರು. ಅಲ್ಲಿಯವರೆಗೂ — ದೇವರಾಣೆ ಎನ್ನುವುದಿಲ್ಲ, ಆಣೆಗೆ ನನ್ನ ಬಾಯಲ್ಲಿ ಬೆಲೆಯಿಲ್ಲ — ಸುಳ್ಳು ಹೇಳಬೇಕೆಂದು ಹೋದವಳಲ್ಲ. ಮೈಕು ಕೈಗೆ ಬಂತು. ಎದುರಿಗೆ ಇನ್ನೂರು ಮುಖ. ಬಾಯಿಂದ ಬಂದೇಬಿಟ್ಟಿತು. ಚಪ್ಪಾಳೆ ಬಿತ್ತು.

ದುಡ್ಡಿಗೆ ಹೇಳಿದೆ ಎಂದರೆ ನಿಮಗೆ ಸಮಾಧಾನವಾದೀತು. ದುಡ್ಡಿನ ಆಸೆ ಎಲ್ಲರಿಗೂ ಅರ್ಥವಾಗುತ್ತದೆ. ಅಲ್ಲ, ದುಡ್ಡಿಗಲ್ಲ. ಚಪ್ಪಾಳೆಗೆ. ಗೊಬ್ಬರದ ಅಂಗಡಿಯವನ ಹೆಂಡತಿ ಎಂದಷ್ಟೇ ಕರೆಸಿಕೊಳ್ಳುತ್ತಿದ್ದವಳನ್ನು ಇನ್ನೂರು ಹೆಂಗಸರು 'ಸವಿತಕ್ಕ, ನಂಗೂ ಒಸಿ ಯೋಳಿ' ಎಂದು ಸುತ್ತುವರಿದದ್ದಕ್ಕೆ. ತಿಂಗಳಾದ ಮೇಲೆ ಮತ್ತೆ ಹೇಳಿದೆ, ಅದರ ಮುಂದಿನ ತಿಂಗಳೂ ಹೇಳಿದೆ. ಪ್ರತಿ ಸಲ ಚೂರು ಚೂರು ಬೆಳೆಸಿದೆ. ವಾರಕ್ಕೊಮ್ಮೆ ಹೊಲಿಗೆ ಡಬ್ಬಿ ತೆಗೆಯುವಾಗ ಮಾತ್ರ ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದೆ. ಅದೂ ಎರಡು ತಿಂಗಳಷ್ಟೆ. ಆಮೇಲೆ ಚಿಲಕವನ್ನೂ ಮರೆತೆ.

ಇನ್ನು ರತ್ನಕ್ಕ.

ಮಾಕವಳ್ಳಿ ನನ್ನ ತವರು. ರತ್ನಕ್ಕನದು ಪಕ್ಕದ ಮನೆ, ನಡುವೆ ಒಂದೇ ಗೋಡೆ. ನನಗಿಂತ ಹತ್ತು ವರ್ಷ ದೊಡ್ಡವಳು. ಅದೇ ಊರಿಗೆ ಮದುವೆಯಾಗಿ ಅಲ್ಲೇ ಉಳಿದಳು. ಗಂಡನ ಜೊತೆ ಕಬ್ಬಿನ ಗದ್ದೆಯಲ್ಲಿ ದುಡಿದು, ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕಿ ಮಕ್ಕಳನ್ನು ದಡ ಮುಟ್ಟಿಸಿದವಳು. ನಾನು ಮೈನೆರೆದಾಗ ನನ್ನ ಅಮ್ಮ ಹೇಳಲು ನಾಚಿದ್ದನ್ನೆಲ್ಲ ಹಿತ್ತಿಲ ಕಲ್ಲಿನ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟವಳು ಅವಳೇ. ಅದಕ್ಕೇ ಅವಳಿಗೆ ಕಾಟ ಬಂದಾಗ ನನ್ನ ಹತ್ತಿರ ಮುಚ್ಚಿಡಲಿಲ್ಲ. ಫೋನು ಮಾಡಿದಳು.

"ಒಂದೇ ನವೆ ಕಣೇ ಸವೀ. ಒಂದಕ್ಕೆ ಕುಂತ್ರೆ ಪ್ರಾಣ ಓದಂಗಾಯ್ತದೆ. ಆಶಾ ಕಾರ್ಯಕರ್ತೆ, 'ಆಸ್ಪತ್ರೆಗ್ ಬಾ, ಸಕ್ಕರೆ ಟೆಸ್ಟ್ ಮಾಡ್ಸಮ' ಅಂತಾವ್ಳೆ. ನೀನೇನಂತೀಯೆ?"

ನಾನು ಏನೆಂದೆ? ನನ್ನನ್ನು ಪರದೆಯ ಹಿಂದೆ ನೋಡಿ ಸಕ್ಕರೆ ಟೆಸ್ಟ್ ಮಾಡಿಸಿದ್ದ ಡಾಕ್ಟರಮ್ಮನ ನೆನಪು ಬರಲಿಲ್ಲವೇ? ಬಂತು. ಬಂದೇ ಬಂತು. ಆದರೂ ಅಂದೆ:

"ಬ್ಯಾಡ ಕಣಕ್ಕ. ಆಸ್ಪತ್ರೆಗ್ ಓದ್ರೆ ಸುಮ್ಕೆ ಮಾತ್ರೆ ತುಂಬ್ತಾರೆ, ಒಳಗಿನ್ ಬೂಷ್ಟು ಇನ್ನೂ ಜಾಸ್ತಿ ಆಯ್ತದೆ. ನನ್ ನೋಡು, ಒಂದ್ ಮಾತ್ರೆ ಮುಟ್ಟಿಲ್ಲ."

ಅವಳು ನಂಬಿದಳು. ಮುಂದಿನ ವಾರವೇ ಪಥ್ಯ ಶುರು ಮಾಡಿದಳು. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲ, ಊರೆಲ್ಲ ಕಬ್ಬಿನ ಹಾಲಿನ ವಾಸನೆ. ಆ ಊರಿನಲ್ಲಿ ಕೂತು ಸಿಹಿಯ ಕಡೆ ಕಣ್ಣೆತ್ತಿ ನೋಡಲಿಲ್ಲ. ಗದ್ದೆಗೆ ಹೋಗುವಾಗ ಬೇಯಿಸಿದ ಸೊಪ್ಪು, ಎರಡು ಮೊಟ್ಟೆ ಕಟ್ಟಿಕೊಂಡು ಹೋಗುತ್ತಿದ್ದಳಂತೆ. ಮುದ್ದೆಯನ್ನೂ ಅರ್ಧಕ್ಕೆ ಇಳಿಸಿದಳು. ಸಕ್ಕರೆ ಕಮ್ಮಿ ತಿನ್ನುವುದು ಕೆಟ್ಟದ್ದೆಂದು ನಾನು ಇವತ್ತೂ ಹೇಳುವುದಿಲ್ಲ. ಅವಳ ರಕ್ತದಲ್ಲೇ ಸಕ್ಕರೆ ಏರಿ ಕೂತಿತ್ತು, ಬೂಷ್ಟು ಅಷ್ಟೊಂದು ಹಬ್ಬಲು ಅದೇ ಕಾರಣವಾಗಿತ್ತು, ಒಂದು ಹನಿ ರಕ್ತ ಕೊಟ್ಟಿದ್ದರೆ ಅದು ಗೊತ್ತಾಗುತ್ತಿತ್ತು. ಆ ಒಂದು ಹನಿಗೆ ಅಡ್ಡ ನಿಂತವಳು ನಾನು.

ಮೂರನೆಯ ತಿಂಗಳಲ್ಲಿ ಕಡಿದ ಕಬ್ಬಿನ ಕೂಳೆ ಅವಳ ಕಾಲಿಗೆ ಚುಚ್ಚಿತು. ಕಿರುಬೆರಳ ಬುಡದಲ್ಲಿ, ಅವರೆಕಾಳಿನಷ್ಟು ಗಾಯ. ಎರಡು ವಾರವಾದರೂ ಒಣಗಲಿಲ್ಲ. ಮತ್ತೆ ಫೋನು. ಬಾಯಾರಿಕೆ, ಸುಸ್ತು, ಕಾಲು ಊದಿದೆ, ನೀರು ಸುರಿಯುತ್ತಿದೆ ಎಂದಳು. ಇಂಥದ್ದಕ್ಕೆ ಏನು ಹೇಳಬೇಕೆಂದು ಮೇಡಮ್ಮು ಕಲಿಸಿಕೊಟ್ಟಿದ್ದರು. ನಾನು ಗಿಣಿಯಂತೆ ಒಪ್ಪಿಸಿದೆ.

"ಒಳ್ಳೇದೇ ಆಯ್ತಾ ಐತೆ ಕಣಕ್ಕ. ಒಳಗಿನ್ ಬೂಷ್ಟು ಸಾಯ್ತಾ ಐತೆ, ಅದ್ರ ವಿಷ ಈಚೆಗ್ ಬತ್ತಾ ಐತೆ. ಇನ್ನೊಸಿ ದಿನ ತಡ್ಕೊ."

ತಡೆದುಕೊಂಡಳು. ನನ್ನ ಮಾತಿಗೆ ಹದಿನೆಂಟು ದಿನ ತಡೆದುಕೊಂಡಳು. ಕೊನೆಗೆ ಜ್ವರ ಬಂದು ಹಟ್ಟಿಯಲ್ಲಿ ಹಾಲು ಕರೆಯುತ್ತ ಬಿದ್ದಾಗ, ಗಂಡ ಕೆಂಪಣ್ಣ ಮೈಸೂರಿನ ಆಸ್ಪತ್ರೆಗೆ ಹಾಕಿಕೊಂಡು ಹೋದ. ಸಕ್ಕರೆ ಮುನ್ನೂರರ ಮೇಲಿತ್ತು. ಎರಡು ಬೆರಳು ಕಪ್ಪಾಗಿದ್ದವು. ತೆಗೆದರು.

ಮಾರನೆಯ ದಿನ ನಾನು ನೋಡಲು ಹೋದೆ. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೇ ಹೋದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು.

"ನಾನೇ ಕೆಡುಸ್ಕಬುಟ್ಟೆ ಕಣೇ ಸವೀ. ನಿಂಗ್ ಯೋಳಿರ್ಲಿಲ್ಲ. ಮೊಮ್ಮಗಿನ್ ನಾಮಕರಣದಲ್ಲಿ ಎಲ್ರೂ ತಿಂತಾವ್ರೆ ಅಂತ ಆಸೆಗೆ ಒಂದ್ ಒಬ್ಬಟ್ಟು ತಿಂದ್ಬುಟ್ಟೆ. ಆ ಒಬ್ಬಟ್ಟೇ ನನ್ ಬೆರಳ್ ತಿಂತು ಕಣವ್ವ."

ಹೇಳಬಹುದಿತ್ತು. ಅಲ್ಲ ಅಕ್ಕ, ಒಬ್ಬಟ್ಟಲ್ಲ, ನಾನು — ಎಂಬ ನಾಲ್ಕು ಮಾತು. ವಾರ್ಡಿನಲ್ಲಿ ಬೇರೆ ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ. ಕೆಂಪಣ್ಣ ಔಷಧಿ ತರಲು ಹೋಗಿದ್ದ.

ನಾನು ತಲೆಯಾಡಿಸಿದೆ. ಹೌದು ಎನ್ನುವ ಹಾಗೆ. 'ಹೋಗ್ಲಿ ಬುಡಕ್ಕ, ಆಗಿದ್ದಾಯ್ತು' ಎಂದೆ. ಅವಳನ್ನು ಕ್ಷಮಿಸುವವಳ ಹಾಗೆ!

ಇದೇ ಆ ತಪ್ಪು. ಬೆರಳು ಹೋದದ್ದಕ್ಕೆ ಗೊತ್ತಿಲ್ಲದೆ ಆಡಿದ ಮಾತು ಎಂದಾದರೂ ಹೇಳಬಹುದಿತ್ತೇನೋ — ಅದೂ ಪೂರ್ತಿ ನಿಜವಲ್ಲ. ಈ ತಲೆಯಾಡಿಸಿದ್ದಕ್ಕೆ ಯಾವ ಹೆಸರೂ ಇಲ್ಲ.

ಆಮೇಲೆ ಸಭೆಗಳಿಗೆ ಹೋಗುವುದನ್ನು ನಿಲ್ಲಿಸಿದೆ. ಮಂಡಿ ನೋವು ಎಂದು ನೆಪ ಹೇಳಿದೆ. ಹೋಗದೇ ಇದ್ದರೆ ಪಾಪ ತಾನಾಗಿ ಸವೆಯುತ್ತದೆ ಎಂದುಕೊಂಡೆ. ನಾಲ್ಕು ವರ್ಷ. ರತ್ನಕ್ಕ ಸಕ್ಕರೆ ಮಾತ್ರೆ ನುಂಗುತ್ತ, ಎಡಗಾಲಿಗೆ ಬೇರೆ ಥರದ ಚಪ್ಪಲಿ ಹೊಲಿಸಿಕೊಂಡಳು, ಗದ್ದೆಗೆ ಹೋಗುವುದನ್ನು ಬಿಟ್ಟಳು. ನಾನು ತವರಿಗೆ ಹೋದಾಗಲೆಲ್ಲ ನನಗೆ ಟೀ ಮಾಡಿಕೊಟ್ಟಳು. ಕುಡಿದೆ.

ಹೋದ ವರ್ಷದ ಕೊನೆಯಲ್ಲಿ ಬೂಕನಕೆರೆಯಿಂದ ಒಬ್ಬ ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಇಪ್ಪತ್ತೆಂಟು ಮೂವತ್ತು ವಯಸ್ಸು. ಅದೇ ನವೆ, ಅದೇ ಉರಿ. ಕೂತ ಅರ್ಧ ಗಂಟೆಯಲ್ಲಿ ಮೂರು ಲೋಟ ನೀರು ಕುಡಿದಳು. "ಮಾಕವಳ್ಳಿ ರತ್ನಮ್ಮೋರು ಕಳ್ಸುದ್ರು ಅಕ್ಕ. ಸವಿತಾ ಯೋಳ್ದಂಗೆ ಪಥ್ಯ ಮಾಡು, ಆದ್ರೆ ನನ್ನಂಗೆ ನಡುವ್ಲಿ ಕೆಡುಸ್ಬ್ಯಾಡ, ನನ್ ಕಾಲ್ ನೋಡು ಅಂತ ತೋರುಸುದ್ರು" ಎಂದಳು.

ನಾನು ಬಾಯಿ ಮುಚ್ಚಿಕೊಂಡಿದ್ದರೂ ನನ್ನ ಸುಳ್ಳು ಸುಮ್ಮನಿರಲಿಲ್ಲ. ರತ್ನಕ್ಕನ ಕುಂಟುಗಾಲಿನಲ್ಲಿ ಊರೂರು ನಡೆಯುತ್ತಿತ್ತು.

ಚಪ್ಪಲಿ ಹಾಕಿಕೊಂಡು, ಆ ಹುಡುಗಿಯ ಕೈ ಹಿಡಿದು ನೇರ ಸರ್ಕಾರಿ ಆಸ್ಪತ್ರೆಗೆ ಹೋದೆ. ಸಕ್ಕರೆ ಇತ್ತು. ಅವಳು ಅಲ್ಲೇ ಬೆಂಚಿನ ಮೇಲೆ ಅಳಲು ಶುರುಮಾಡಿದಳು. "ಅಳ್ಬ್ಯಾಡ, ಈಗ್ಲೇ ಗೊತ್ತಾಯ್ತಲ್ಲ, ಅಷ್ಟು ಸಾಕು" ಎಂದೆ. ಔಷಧಿ ಕೊಡಿಸಿ ಅವಳನ್ನು ಬಸ್ಸು ಹತ್ತಿಸಿ, ನಾನು ಮಾಕವಳ್ಳಿಯ ಬಸ್ಸು ಹತ್ತಿದೆ.

ರತ್ನಕ್ಕ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಹೊಲಿಗೆ ಡಬ್ಬಿ, ಪಾಂಡವಪುರದ ಕ್ಲಿನಿಕ್ಕು, ಮಾತ್ರೆ, ಮೈಕು. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದಳು:

"ಎಷ್ಟ್ ದಿನಕ್ ವಾಸಿ ಆಯ್ತು ನಿಂಗೆ?"

"ಒಂದ್ ವಾರ."

"ಅಂಗಾದ್ರೆ... ಒಬ್ಬಟ್ಟು?"

"ಒಬ್ಬಟ್ಟಿಂದ ಏನೂ ಆಗ್ಲಿಲ್ಲ ಅಕ್ಕ. ಅವತ್ತೇ ನಂಗೆ ಗೊತ್ತಿತ್ತು."

ಕೈ ನಿಂತಿತು. ಮೊರವನ್ನು ಪಕ್ಕಕ್ಕೆ ತಳ್ಳಿದಳು. ನಂತರ ಬಂದ ದನಿ ನಾನು ಅವಳಲ್ಲಿ ಎಂದೂ ಕೇಳಿರದ ದನಿ.

"ನಾಕ್ ವರ್ಸ ಕಣೇ. ಆ ಮಗ ಅಜ್ಜಿ ಅಂತ ಓಡ್ಬಂದಾಗೆಲ್ಲ ನಂಗೆ ಅದೇ ನೆಪ್ಪು. ನಿನ್ ನಾಮಕರಣಕ್ ತಿಂದೇ ನನ್ ಕಾಲ್ ಓಯ್ತು ಅಂತ, ಎತ್ಕಳಕ್ಕೂ ಮನ್ಸು ಇಂಜರೀತಿತ್ತು. ಏನೂ ಅರೀದ್ ಕೂಸು ಅದು. ಬೆರಳ್ ಓಗ್ಲಿ, ಸುಟ್ಟಾಕು. ಆ ನಾಕ್ ವರ್ಸನ ಯಾರ್ ತಂದ್ಕೊಡ್ತಾರೆ ನಂಗೆ?"

ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡಳು.

"ಮುಟ್ಬ್ಯಾಡ. ಸುಳ್ ಯೋಳಕ್ಕೆ ಇನ್ನೂರ್ ಜನ ಬೇಕಾಗಿತ್ತು ನಿಂಗೆ, ಮೈಕ್ ಬೇಕಾಗಿತ್ತು. ನಿಜ ಮಾತ್ರ ಜಗುಲಿ ಮೇಲೆ ಗುಟ್ಟಾಗ್ ಯೋಳಕ್ ಬಂದಿದೀಯ? ಅಲ್ಲೇ ಓಗ್ ಯೋಳು. ಎದ್ದೋಗು ನನ್ ಮನೆಯಿಂದ."

ಹೋದೆ.

ಮನೆಯಲ್ಲಿ ಹೇಳಿದಾಗ ನನ್ನ ಗಂಡ ಅಂಗಡಿಯ ಬೀಗದ ಕೈ ಮೇಜಿನ ಮೇಲೆ ಎಸೆದರು. "ಆಗೋಗಿದ್ನ ಕೆದ್ಕಬ್ಯಾಡ. ನಾಳೆ ನನ್ ಅಂಗ್ಡೀಲಿ ಯೂರಿಯಾ ತಗಳಕ್ ಬರೋರು ನಿನ್ ಬಿಳಿ ಓಗಿದ್ನ ಆಡ್ಕತಾರೆ." ಆಡಿಕೊಳ್ಳಲಿ ಎಂದೆ. ಅವರ ಮನೆಯ ಹೆಂಗಸರಿಗೂ ಹೋಗುತ್ತಿರುತ್ತದೆ, ಅವರಿಗೆ ಗೊತ್ತಿಲ್ಲ ಅಷ್ಟೆ. ಗಂಡ ಎರಡು ದಿನ ನನ್ನ ಕೈಯ ಊಟ ಮಾಡಲಿಲ್ಲ. ಮೂರನೆಯ ದಿನ ಮಾಡಿದರು. ನಾನು ಮಾತು ವಾಪಸ್ ತೆಗೆದುಕೊಂಡಿರಲಿಲ್ಲ.

ಮುಂದಿನ ತಿಂಗಳ ಸಭೆಗೆ ಹೋದೆ. ಅದೇ ಛತ್ರ, ಅದೇ ಮೇಡಮ್ಮು. ನನ್ನನ್ನು ಕಂಡು ಸಂತೋಷಪಟ್ಟು ತಾವೇ ಮೈಕು ಕೊಟ್ಟರು.

"ನಾನು ಪಥ್ಯದಿಂದ ವಾಸಿಯಾಗಲಿಲ್ಲ. ಮಾತ್ರೆ ತಿಂದೆ. ನಿಮಗೆಲ್ಲ ಸುಳ್ಳು ಹೇಳಿದೆ" ಎಂದೆ. ಸಕ್ಕರೆ ಕಾಯಿಲೆ ಎನ್ನುವಷ್ಟರಲ್ಲಿ ಮೈಕು ಸತ್ತಿತು. ಯಾರೋ ತಂತಿ ಕಿತ್ತಿದ್ದರು. ನನ್ನ ಗಂಟಲು ಸತ್ತಿರಲಿಲ್ಲ. ಕಬ್ಬಿನ ಗದ್ದೆಯಲ್ಲಿ ಆ ತುದಿಯಿಂದ ಈ ತುದಿಗೆ ಕೂಗಿ ಬೆಳೆದವಳು. ರತ್ನಕ್ಕನ ಕಾಲಿನ ಕತೆಯನ್ನು ಒಂದು ಮಾತೂ ಬಿಡದೆ ಕೂಗಿ ಹೇಳಿದೆ. ನವೆ ಮತ್ತೆ ಮತ್ತೆ ಬಂದರೆ ಮೊದಲು ಒಂದು ಹನಿ ರಕ್ತ ಕೊಡಿ, ಆಮೇಲೆ ಬೇಕಾದರೆ ಪುಡಿ ತಿನ್ನಿ ಎಂದೆ. "ಯಾರೋ ದುಡ್ ಕೊಟ್ ಕಳ್ಸವ್ರೆ ಇವ್ಳನ್ನ" ಎಂದಳು ಮುಂದಿನ ಸಾಲಿನವಳು. ಸುಳ್ಳು ಹೇಳಿದಾಗ ಒಬ್ಬರೂ ಪುರಾವೆ ಕೇಳಿರಲಿಲ್ಲ. ನಿಜಕ್ಕೆ ಕೇಳಿದರು. ಡಾಕ್ಟರಮ್ಮ ಬರೆದ ಹಳೆಯ ಚೀಟಿ ತೋರಿಸಿದೆ. ಕೆಲವರು ಓದಿದರು, ಕೆಲವರು ಮುಖ ತಿರುಗಿಸಿದರು. ಇಬ್ಬರು ನನ್ನ ತೋಳು ಹಿಡಿದು ಆಚೆಗೆ ನಡೆಸಿದರು. ನಡೆದೆ, ಮಾತು ನಿಲ್ಲಿಸದೆ.

"ನಿಮ್ಮ ಮರ್ಯಾದೆ ನೀವೇ ಕಳ್ಕೊಂಡ್ರಿ ಸವಿತಾ" ಎಂದರು ಮೇಡಮ್ಮು, ಬಾಗಿಲಲ್ಲಿ.

"ಅದು ನನ್ನದಾಗಿರಲಿಲ್ಲ ಮೇಡಂ" ಎಂದೆ.

ಇದರಿಂದ ನಾನು ಒಳ್ಳೆಯವಳಾದೆ ಎಂದುಕೊಳ್ಳಬೇಡಿ. ನಾಲ್ಕು ವರ್ಷ ತಡವಾಗಿ ಆಡಿದ ನಿಜ ಅರ್ಧ ಬೆಲೆಯದು. ಇನ್ನೂರು ಜನರಲ್ಲಿ ಯಾರು ಯಾರು ನನ್ನ ಮಾತು ಕೇಳಿ ಔಷಧಿ ಬಿಟ್ಟರೋ, ಅವರಿಗೆ ಏನಾಯಿತೋ ನನಗೆ ಗೊತ್ತಿಲ್ಲ. ನೆನಪಿದ್ದವರ ಮನೆಗೆಲ್ಲ ಹೋಗುತ್ತಿದ್ದೇನೆ — ಶೀಳನೆರೆ, ನಾಗಮಂಗಲದ ಕಡೆಯ ಹಳ್ಳಿಗಳು, ಶ್ರೀರಂಗಪಟ್ಟಣದವರೆಗೂ. ಕೆಲವು ಕಡೆ ಬಾಗಿಲು ಹಾಕಿಕೊಳ್ಳುತ್ತಾರೆ. ಕೆಲವು ಕಡೆ ಬಯ್ಯುತ್ತಾರೆ. ಆಸ್ಪತ್ರೆಗೆ ಒಬ್ಬಳೇ ಹೋಗಲು ನಾಚುವವರ ಜೊತೆ ಹೋಗುತ್ತೇನೆ, ಪರದೆ ಎಳೆಯದಿದ್ದರೆ ಎಳೆಯಿರಿ ಎಂದು ಡಾಕ್ಟರಿಗೂ ಹೇಳುತ್ತೇನೆ.

ರತ್ನಕ್ಕನಿಗೆ ಸುದ್ದಿ ಮುಟ್ಟಿದೆ. ಕೆಂಪಣ್ಣ ಹೇಳಿದ. ಆದರೂ ಅವಳು ನನ್ನ ಜೊತೆ ಮಾತಾಡುವುದಿಲ್ಲ. ಹೋದ ವಾರ ಕೆ.ಆರ್. ಪೇಟೆಯ ಸಂತೆಯಲ್ಲಿ ಮೊಮ್ಮಗನನ್ನು ಸೊಂಟದ ಮೇಲೆ ಎತ್ತಿಕೊಂಡು, ಕುಂಟುತ್ತ, ಬಳೆ ಅಂಗಡಿಯ ಮುಂದೆ ಹೋಗುತ್ತಿದ್ದಳು. ನಾಲ್ಕು ದಾಟಿದ ಮಗು, ಎತ್ತಿಕೊಳ್ಳುವ ವಯಸ್ಸಲ್ಲ. ನನ್ನನ್ನು ನೋಡಿ ಮುಖ ತಿರುಗಿಸಿದಳು. ಅದು ಅವಳ ಹಕ್ಕು. ನಾನು ಕರೆಯಲಿಲ್ಲ.

ಅವತ್ತು ಸಂತೆಯಿಂದ ಶೀಳನೆರೆಗೆ ಹೋಗುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಪಿಸುಗುಟ್ಟಿದರು. "ಇವ್ಳೇ ಕಣೆ, ಸುಳ್ ಯೋಳಿ ಮಾಕವಳ್ಳಿಯೋಳ್ ಕಾಲ್ ಕಳ್ದೋಳು."

ಹಿಂದಕ್ಕೆ ತಿರುಗಿದೆ.

"ಊ ಕಣವ್ವ, ನಾನೇ" ಎಂದೆ. "ನೀವಿಬ್ರೂ ಸಕ್ಕರೆ ಟೆಸ್ಟ್ ಮಾಡ್ಸಿದ್ದೀರಾ?"